ರಿಹರ್ಸಲ್‌ನಲ್ಲಿ ನೆಟ್ಟಗೆ, ಶೋನಲ್ಲಿ ಸೊಟ್ಟ: ಡ್ರೋನ್ ರಂಗೋಲಿ ಕದಡಿದರೆ ದೋಷ ಹುಡುಕುವ ಬಗೆ

ಸಂಜೆ ಐದೂವರೆಗೆ 49 ಡ್ರೋನ್ ಹಾರಿಸಿ ನೋಡಿದೆವು. ಏಳು ಸಾಲು, ಸಾಲಿಗೆ ಏಳು ಚುಕ್ಕಿ, ಚುಕ್ಕಿಗೂ ಚುಕ್ಕಿಗೂ ಮಧ್ಯೆ ಮೂರು ಮೀಟರ್. ನೂಲು ಹಿಡಿದು ಇಟ್ಟ ಹಾಗಿತ್ತು. ಅದೇ ರಾತ್ರಿ ಎಂಟು ಗಂಟೆ ಹತ್ತು ನಿಮಿಷಕ್ಕೆ, ಮೈದಾನದ ತುಂಬ ಜನ ಕೂತಿದ್ದಾಗ, ಅದೇ ಡ್ರೋನ್‌ಗಳು ಹಾರುವ ದಾರಿಯ ಅದೇ ಫೈಲ್ ಹೊತ್ತು ಮೇಲೇರಿದವು. ಎರಡು ನಿಮಿಷ ಎಲ್ಲ ಸರಿ. ಆಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ ಜರುಗತೊಡಗಿತು. ಒಂದು ಅರ್ಧ ಮೀಟರ್ ಎಡಕ್ಕೆ, ಇನ್ನೊಂದು ಒಂದು ಮೀಟರ್ ಕೆಳಕ್ಕೆ. ಸ್ವಲ್ಪ ಹೊತ್ತಿಗೆ ಅವು ತಮ್ಮ ಜಾಗಕ್ಕೆ ಮರಳಿದವು, ಬೇರೆ ಯಾವುವೋ ಜರುಗಿದವು. ಐದನೇ ನಿಮಿಷಕ್ಕೆ ಎಲ್ಲವನ್ನೂ ಇಳಿಸಿಬಿಟ್ಟೆವು.

ಯಾರಿಗೂ ಏನೂ ಆಗಲಿಲ್ಲ. ಒಂದು ಡ್ರೋನೂ ಬೀಳಲಿಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಾರಾಟದ ಜಾಗದಿಂದ ದೂರ, ಹಗ್ಗ ಕಟ್ಟಿದ ಗೆರೆಯ ಈಚೆಗೆ, ನೆಲದ ಮೇಲೆ ನಾವು ಅದೇ 49 ಚುಕ್ಕಿಯ ರಂಗೋಲಿ ಹಾಕಿದ್ದೆವು. ಪ್ರತಿ ಚುಕ್ಕಿಯ ಕೆಳಗೆ ಕಾಲಿಟ್ಟರೆ ಗೊತ್ತಾಗುವ ಒಂದು ಸಣ್ಣ ಚಾಪೆ. ಮಕ್ಕಳು ನೆಲದ ಚುಕ್ಕಿ ತುಳಿದರೆ ಮೇಲೆ ಅದೇ ಚುಕ್ಕಿ ಬಣ್ಣ ಬದಲಿಸಬೇಕು. ಇಡೀ ಕೆಲಸದ ಜೀವ ಇರುವುದೇ ಅಲ್ಲಿ. ಆ ರಾತ್ರಿ ಏಳೆಂಟು ವರ್ಷದ ಒಬ್ಬ ಹುಡುಗಿ ಒಂದೇ ಚುಕ್ಕಿಯನ್ನು ಮೂರು ಸಲ ತುಳಿದಳು. ಮೂರು ಸಲವೂ ತಲೆಯೆತ್ತಿ ನೋಡಿದಳು. ಮೇಲೆ ಬಣ್ಣ ಬರುವಷ್ಟರಲ್ಲಿ ಅವಳು ಪಕ್ಕದ ಚುಕ್ಕಿಗೆ ಹೋಗಿಯಾಗಿತ್ತು.

ಅಂದರೆ ಎರಡು ತೊಂದರೆ: ಚುಕ್ಕಿ ಜರುಗುವುದು, ಬಣ್ಣ ತಡವಾಗುವುದು. ಎರಡೂ ಒಂದೇ ಹೊತ್ತಿಗೆ ಬಂದವು. ಎರಡಕ್ಕೂ ಕಾರಣ ಒಂದೇ ಇರಬೇಕು ಅಂದುಕೊಂಡು ನಾವು ಎರಡು ದಿನ ವೈಫೈ ಹಿಂದೆ ಬಿದ್ದೆವು. ಅದು ಅರ್ಧ ಮಾತ್ರ ಸರಿಯಿತ್ತು. ಮೈಸೂರಿನ ಬನ್ನಿಮಂಟಪದಲ್ಲಿ 2024ರ ದಸರಾದಲ್ಲಿ 1500 ಡ್ರೋನ್ ಹಾರಿದ ಮೇಲೆ ನಮ್ಮ ಕಡೆ ಚಿಕ್ಕ ಗುಂಪುಗಳಿಗೂ ಈ ಕಲೆಯ ಆಸೆ ಹುಟ್ಟಿದೆ. ಅಂಥವರಿಗೆ ಈ ಹುಡುಕಾಟದ ದಾರಿ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ವಿಡಿಯೋ ನೋಡಿ

ಒಂದೇ ಡ್ರೋನ್ ಕೆಟ್ಟರೆ ಅದನ್ನು ಬಿಚ್ಚಬಹುದು. ಹಿಂಡು ಕೆಟ್ಟರೆ ಬಿಚ್ಚುತ್ತಾ ಕೂರಬೇಡಿ. ಹಿಂಡಿನಲ್ಲಿ ದೋಷಕ್ಕೆ ಒಂದು ಆಕಾರ ಇರುತ್ತದೆ, ಆ ಆಕಾರವೇ ಕಾರಣದ ಗುರುತು ಹೇಳುತ್ತದೆ. ಪ್ರತಿ ಶೋಗೂ ಒಂದು ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲ್ಲಾಡದ ಹಾಗೆ ಇಟ್ಟು ಪೂರ್ತಿ ರೆಕಾರ್ಡ್ ಮಾಡಿ. ಚೆಂದ ಕಾಣುವ ವಿಡಿಯೋ ಬೇಡ, ಅಳೆಯಲು ಬರುವ ವಿಡಿಯೋ ಬೇಕು.

ಅದನ್ನು ನಿಧಾನವಾಗಿ ಓಡಿಸಿ ಕೇಳಬೇಕಾದ ಮೊದಲ ಪ್ರಶ್ನೆ: ತಪ್ಪಿದ್ದು ಯಾವ ಚುಕ್ಕಿಗಳು? ಒಂದೇ ಡ್ರೋನ್ ಪ್ರತಿ ಸಲ ತಪ್ಪುತ್ತಿದೆಯಾ? ಹಾಗಿದ್ದರೆ ಅದನ್ನು ಬೇರೆ ಚುಕ್ಕಿಯ ಜಾಗಕ್ಕೆ ಹಾಕಿ ಹಾರಿಸಿ. ದೋಷ ಡ್ರೋನಿನ ಜೊತೆ ಹೋದರೆ ಅದರದ್ದೇ ತಪ್ಪು. ದೋಷ ಆ ಜಾಗದಲ್ಲೇ ಉಳಿದರೆ ನೆಲದ್ದೋ ಫೈಲಿನದ್ದೋ ತಪ್ಪು. ಇಷ್ಟು ಸರಳವಾದ ಪರೀಕ್ಷೆಯನ್ನು ಅವಸರದಲ್ಲಿ ಯಾರೂ ಮಾಡುವುದಿಲ್ಲ. ಸುಮ್ನೆ ಮೋಟಾರು ಬದಲಾಯಿಸುತ್ತಾ ಕೂರುತ್ತಾರೆ.

ಇಡೀ ಚಿತ್ರ ಆಕಾರ ಕೆಡದೆ ಒಟ್ಟಿಗೆ ಜರುಗಿತ್ತಾ? ಹಾಗಾದರೆ ಬೇಸ್ ಸ್ಟೇಷನ್, ಅಂದರೆ ಡ್ರೋನಿಗೆ ಜಾಗದ ತಿದ್ದುಪಡಿ ಕಳಿಸುವ ನೆಲದ ಮೇಲಿನ ರಿಸೀವರ್ ಕಡೆ ಹೋಗಿ. ರಿಹರ್ಸಲ್ ಆದ ಮೇಲೆ ಯಾರೋ ಅದರ ಟ್ರೈಪಾಡ್ ಎಡವಿರುತ್ತಾರೆ. ಇಲ್ಲವೇ ಅದನ್ನು ಆರಿಸಿ ಮತ್ತೆ ಹಾಕಿರುತ್ತಾರೆ, ಅದು ತನ್ನ ಜಾಗವನ್ನು ಹೊಸದಾಗಿ ಲೆಕ್ಕ ಹಾಕಿಕೊಂಡಿರುತ್ತದೆ. ಬೇಸ್ ತಾನು ಎಲ್ಲಿದ್ದೇನೆ ಅಂತ ಹೇಳುತ್ತದೋ ಎಲ್ಲ ಡ್ರೋನೂ ಅದನ್ನೇ ನಂಬುತ್ತವೆ.

ಒಂದು ಡ್ರೋನ್ ಸರಿಯಾದ ದಾರಿಯಲ್ಲೇ ಹೋಗುತ್ತಿದೆ, ಆದರೆ ಸರಿಯಾಗಿ ಇಷ್ಟು ಸೆಕೆಂಡ್ ಅಂತ ಹಿಂದೆ ಮುಂದೆ ಇದೆ. ಹೀಗಾದರೆ ಗಡಿಯಾರ ನೋಡಿ. ಜಿಪಿಎಸ್ ಸಮಯ ನಮ್ಮ ವಿಶ್ವ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ. ಈ ಅಂತರದ ಮಾಹಿತಿ ಉಪಗ್ರಹದಿಂದ ಹನ್ನೆರಡೂವರೆ ನಿಮಿಷಕ್ಕೊಮ್ಮೆ ಬರುತ್ತದೆ. ಬ್ಯಾಟರಿ ಬದಲಾಯಿಸಿ ಕೊನೆ ಗಳಿಗೆಯಲ್ಲಿ ಆನ್ ಮಾಡಿದ ಡ್ರೋನ್ ಆ ಮಾಹಿತಿ ಸಿಗುವ ಮೊದಲೇ ಹಾರಿಬಿಟ್ಟರೆ, ತನ್ನೊಳಗಿನ ಹಳೆಯ ಅಂಕಿ ನಂಬಿ ತಾಳ ತಪ್ಪುತ್ತದೆ. ಹದಿನೈದು ನಿಮಿಷ ಮೊದಲೇ ಎಲ್ಲವನ್ನೂ ಆನ್ ಮಾಡಿಡಿ, ಅಷ್ಟೇ.

ಒಂದು ಮೂಲೆಯ ಐದಾರು ಡ್ರೋನ್ ಏರಿದ ಕೂಡಲೇ ಗುಂಡಗೆ ಸುತ್ತುತ್ತಾ, ಸುತ್ತು ದೊಡ್ಡದು ಮಾಡುತ್ತಾ ಹೋದರೆ ಅದು ಕಂಪಾಸ್ ದೋಷ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಾಂಕ್ರೀಟ್ ಅಂಗಳದ ಮೇಲೆ ಡ್ರೋನ್ ಜೋಡಿಸಿದ್ದೆವು. ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳು ಇರುತ್ತದಲ್ವಾ, ಅದು ಉತ್ತರ ದಿಕ್ಕನ್ನೇ ತಿರುಚಿಬಿಡುತ್ತದೆ. ತಾನು ಉತ್ತರಕ್ಕೆ ಮುಖ ಮಾಡಿದ್ದೇನೆ ಅಂತ ಡ್ರೋನ್ ನಂಬಿರುತ್ತದೆ, ನಿಜವಾಗಿ ಈಶಾನ್ಯಕ್ಕೆ ಮಾಡಿರುತ್ತದೆ. ಜಾಗ ಸರಿಪಡಿಸಿಕೊಳ್ಳಲು ಹೋದಷ್ಟೂ ಓರೆಗೆ ಹೋಗುತ್ತದೆ, ಅದೇ ಸುತ್ತು. ಅಲ್ಲಿ ಕಂಪಾಸನ್ನು ಮತ್ತೆ ಮತ್ತೆ ಹೊಂದಿಸಿ ಉಪಯೋಗವಿಲ್ಲ. ನಾವು ಪ್ಲಾಸ್ಟಿಕ್ ಹಾಲಿನ ಕ್ರೇಟ್‌ಗಳನ್ನು ಬಾಡಿಗೆಗೆ ತಂದು, ಮಗುಚಿ, ಅದರ ಮೇಲೆ ಡ್ರೋನ್ ಇಟ್ಟೆವು. ನೆಲದಿಂದ ಒಂದಡಿ ಮೇಲೆ ಹೋದರೆ ಸಾಕು, ಸರಳಿನ ಪ್ರಭಾವ ತುಂಬ ಇಳಿಯುತ್ತದೆ. ಮಣ್ಣಿನ ಮೈದಾನ ಸಿಕ್ಕರೆ ಇನ್ನೂ ಒಳ್ಳೆಯದು.

ಮೇಲಿನ ಸಾಲು ಸರಿಯಿದ್ದು ಕೆಳಗಿನ ಸಾಲು ಮಾತ್ರ ನಡುಗಿದರೆ ಅದು ಮೇಲಿನ ಫ್ಯಾನುಗಳ ಗಾಳಿ. ಚಿತ್ರವನ್ನು ಗೋಡೆಯಂತೆ ನೇರ ನಿಲ್ಲಿಸದೆ ಓರೆಯಾಗಿಟ್ಟ ಹಲಗೆಯಂತೆ ಇಡಿ. ಎಲ್ಲ ಚುಕ್ಕಿಯೂ ಬೇರೆ ಬೇರೆ ಎತ್ತರಕ್ಕೆ ನಿಧಾನವಾಗಿ ಜಾರಿದರೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ನೋಡಿ. ಒಂದು ಮೀಟರ್ ಎತ್ತರಕ್ಕೆ ಒತ್ತಡ ಬದಲಾಗುವುದು ಸುಮಾರು 11 ಪಾಸ್ಕಲ್ ಮಾತ್ರ. ಮಧ್ಯಾಹ್ನವಿಡೀ ಬಿಸಿಲಲ್ಲಿ ಕಾದ ಬೋರ್ಡು ಸಂಜೆ ತಣಿಯುವಾಗ ಅಷ್ಟು ಏರುಪೇರು ಆಗಿಯೇ ಆಗುತ್ತದೆ. ಡ್ರೋನ್‌ಗಳನ್ನು ನೆರಳಲ್ಲಿಡಿ.

ನಮ್ಮ ದೋಷದ ಆಕಾರ ಇವು ಯಾವುದಕ್ಕೂ ಹೊಂದಲಿಲ್ಲ. ತಪ್ಪಿದ ಚುಕ್ಕಿಗಳು ಚದುರಿದ್ದವು. ಯಾವುದೂ ಶಾಶ್ವತವಾಗಿ ತಪ್ಪಿರಲಿಲ್ಲ. ಆದರೆ ಎಲ್ಲ ತಪ್ಪೂ ಒಂದೇ ಕೆಲವು ನಿಮಿಷಗಳಲ್ಲಿ ಆಗಿದ್ದವು. ಜಾಗ ಬೇರೆ ಬೇರೆ, ಹೊತ್ತು ಮಾತ್ರ ಒಂದೇ. ಅಂದರೆ ಕಾರಣ ಎಲ್ಲ ಡ್ರೋನಿಗೂ ಸಾಮಾನ್ಯವಾದದ್ದು, ಕೆಲವು ಮಾತ್ರ ಅದನ್ನು ತಡೆದುಕೊಂಡಿವೆ.

ಲಾಗ್‌ನಲ್ಲಿ ಮೊದಲು ನೋಡಬೇಕಾದ ಎರಡು ಅಂಕಿ

ಸಾಮಾನ್ಯ ಜಿಪಿಎಸ್ ನಾಲ್ಕೈದು ಮೀಟರ್ ತಪ್ಪು ಹೇಳಿದರೂ ನಮ್ಮ ಫೋನಿಗೆ ನಡೆಯುತ್ತದೆ. ರಂಗೋಲಿಗೆ ನಡೆಯುವುದಿಲ್ಲ. ಅದಕ್ಕೇ ಜಿಪಿಎಸ್ ತಪ್ಪನ್ನು ತಿದ್ದುವ ಆರ್‌ಟಿಕೆ ವಿಧಾನ. ನೆಲದ ಮೇಲೆ ಒಂದು ಬೇಸ್ ಸ್ಟೇಷನ್ ಕೂತು, ಉಪಗ್ರಹಗಳ ಸಿಗ್ನಲ್ ಕೇಳಿ, ತಿದ್ದುಪಡಿಯನ್ನು ಸೆಕೆಂಡಿಗೊಮ್ಮೆ ಎಲ್ಲ ಡ್ರೋನಿಗೂ ಕಳಿಸುತ್ತದೆ. ಲೆಕ್ಕ ಗಟ್ಟಿಯಾಗಿ ಕೂತರೆ ಅದು 'ಫಿಕ್ಸ್'. ಒಂದೆರಡು ಸೆಂಟಿಮೀಟರ್‌ನಷ್ಟು ಖಚಿತ. ಲೆಕ್ಕ ಪೂರ್ತಿ ಕೂರದಿದ್ದರೆ 'ಫ್ಲೋಟ್'. ಆಗ ತಪ್ಪು ಗೇಣಿನಿಂದ ಮೀಟರಿನವರೆಗೂ ಹೋಗಬಹುದು. ಡ್ರೋನ್ ಹಾರಿಸುವ ಸಾಫ್ಟ್‌ವೇರ್ ಆರ್ಡುಪೈಲಟ್ ಬರೆದಿಡುವ ಹಾರಾಟದ ದಾಖಲೆ, ಅಂದರೆ ಲಾಗ್‌ನಲ್ಲಿ ಫಿಕ್ಸ್ ಅಂದರೆ 6, ಫ್ಲೋಟ್ ಅಂದರೆ 5. ಮೊದಲ ಅಂಕಿ ಇದೇ.

ಜರುಗಿದ ಪ್ರತಿ ಚುಕ್ಕಿಯನ್ನೂ ವಿಡಿಯೋದಲ್ಲಿ ಗುರುತು ಹಾಕಿಕೊಂಡು ಅದರ ಲಾಗ್ ತೆಗೆದೆವು. ಜರುಗಿದ ಹೊತ್ತಿಗೆ ಸರಿಯಾಗಿ 6 ಹೋಗಿ 5 ಆಗಿತ್ತು. ಆ ಐದು ನಿಮಿಷದಲ್ಲಿ ಒಟ್ಟು 11 ಡ್ರೋನ್ ಹೀಗೆ ಫ್ಲೋಟ್‌ಗೆ ಬಿದ್ದು ಎದ್ದಿದ್ದವು. ಕಂಪಾಸ್, ಮೋಟಾರು, ಬ್ಯಾಟರಿ ಎಲ್ಲವೂ ಅನುಮಾನದಿಂದ ಹೊರಗೆ ಹೋದವು.

ಈಗ ಎರಡನೇ ಅಂಕಿ. ಫ್ಲೋಟ್ ಆಗಲು ದೊಡ್ಡ ಕಾರಣ ಎರಡು. ಒಂದೋ ಬೇಸ್ ಕಳಿಸಿದ ತಿದ್ದುಪಡಿ ಡ್ರೋನಿಗೆ ತಲುಪುತ್ತಿಲ್ಲ. ಇಲ್ಲವೇ ತಲುಪುತ್ತಿದೆ, ಆದರೆ ಉಪಗ್ರಹದ ಸಿಗ್ನಲ್ಲೇ ಕೆಟ್ಟಿದೆ. ಇವೆರಡನ್ನೂ ಬೇರೆ ಮಾಡುವುದು ತಿದ್ದುಪಡಿಯ ವಯಸ್ಸು. ಡ್ರೋನ್ ಈಗ ಬಳಸುತ್ತಿರುವ ತಿದ್ದುಪಡಿ ಎಷ್ಟು ಸೆಕೆಂಡ್ ಹಳೆಯದು ಅಂತ ರಿಸೀವರ್ ಬರೆದಿಡುತ್ತದೆ. ಅದು 9, 14, 20 ಅಂತ ಏರುತ್ತಾ ಹೋದರೆ ರೇಡಿಯೋ ದಾರಿ ಕಟ್ಟಿಕೊಂಡಿದೆ. ಅದು 1ರಲ್ಲೇ ನಿಂತಿದ್ದರೆ ದಾರಿ ಸರಿಯಿದೆ, ತಲೆಯೆತ್ತಿ ಆಕಾಶ ನೋಡಿ.

ಹಿಂದಿನ ವರ್ಷ ನಾವು ತಿದ್ದುಪಡಿಯನ್ನು ವೈಫೈ ಮೇಲೆ ಮಾತ್ರ ಕಳಿಸುತ್ತಿದ್ದೆವು. ಆಗ ನಮಗೆ ಬಂದಿದ್ದ ದೋಷ ಮೊದಲನೆಯದೇ. ಅದಾದ ಮೇಲೆ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಓಡುವ ಬೇರೆಯೇ ರೇಡಿಯೋ ಹಾಕಿದೆವು. ನಮ್ಮ ದೇಶದಲ್ಲಿ ಆ ಪಟ್ಟಿಗೆ ಲೈಸೆನ್ಸ್ ಬೇಕಿಲ್ಲ, ಜನರ ಫೋನುಗಳ ವೈಫೈ ಗದ್ದಲವೂ ಅಲ್ಲಿಲ್ಲ. ಈ ಸಲ ಲಾಗ್ ತೆಗೆದಾಗ 49 ಡ್ರೋನಿನಲ್ಲೂ ವಯಸ್ಸು ಉದ್ದಕ್ಕೂ 1. ಎರಡು ದಿನ ವೈಫೈ ಹುಡುಕಿದ್ದಕ್ಕೆ ಉತ್ತರ ಈ ಒಂದೇ ಅಂಕಿಯಲ್ಲಿತ್ತು. ಅದನ್ನು ಮೊದಲ ದಿನವೇ ನೋಡಬೇಕಿತ್ತು.

ರಾತ್ರಿ ಎಂಟರ ಆಕಾಶ

ಉಪಗ್ರಹಗಳ ಪಟ್ಟಿ ತೆಗೆದೆವು. ಸಂಜೆ 27 ಉಪಗ್ರಹ ಹಿಡಿದಿದ್ದ ಡ್ರೋನ್ ಎಂಟು ಹತ್ತರ ಹೊತ್ತಿಗೆ 14ಕ್ಕೆ ಇಳಿದಿತ್ತು. ಪ್ರತಿ ಉಪಗ್ರಹದ ಸಿಗ್ನಲ್ ಬಲವನ್ನು ಗೆರೆ ಎಳೆದು ನೋಡಿದಾಗ ವಿಷಯ ಕಣ್ಣಿಗೆ ಹೊಡೆಯಿತು. ಪಡುವಣದ ಕಡೆಯ ಉಪಗ್ರಹಗಳ ಬಲ 45ರಿಂದ 25ಕ್ಕೆ, ಮತ್ತೆ 40ಕ್ಕೆ, ಸೆಕೆಂಡುಗಳಲ್ಲೇ ಜಿಗಿದಾಡುತ್ತಿತ್ತು. ಅದೇ ಹೊತ್ತಿಗೆ ಮೂಡಣದವು ತಣ್ಣಗೆ ಕೂತಿದ್ದವು. ಬೇಸ್ ಸ್ಟೇಷನ್ನಿನ ಲಾಗ್ ಮುಂದುವರಿಸಿ ನೋಡಿದರೆ, ಹತ್ತಿಪ್ಪತ್ತು ನಿಮಿಷದ ಮೇಲೆ ನೆತ್ತಿಯ ಮೇಲಿನವು ಜಿಗಿದಾಡಿದವು. ಪಡುವಣದವು ಶಾಂತವಾಗುತ್ತಾ ಬಂದವು.

ಯಾರಾದರೂ ಜಾಮರ್ ಇಟ್ಟಿದ್ದರೆ ಹೀಗೆ ಕಾಣುವುದಿಲ್ಲ. ಜಾಮರ್ ಎಲ್ಲ ದಿಕ್ಕಿನ ಉಪಗ್ರಹವನ್ನೂ ಒಟ್ಟಿಗೆ ಅದುಮುತ್ತದೆ. ಕಟ್ಟಡದ ಅಡ್ಡ ಇದ್ದಿದ್ದರೆ ಸಂಜೆಯೂ ತೊಂದರೆ ಇರುತ್ತಿತ್ತು. ಪಡುವಣದಿಂದ ಮೂಡಣಕ್ಕೆ ದಾಟಿಹೋಗುವ ಈ ಏರಿಳಿತ ಅಯಾನುಗೋಳದ ಕೆಲಸ.

ನೆಲದಿಂದ ಮುನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಸೂರ್ಯನ ಬೆಳಕು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಒಂದು ಪದರ ಮಾಡಿರುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರದ ತಳ ಬೇಗ ತೆಳುವಾಗುತ್ತದೆ, ಮೇಲಿನ ದಟ್ಟ ಭಾಗ ಹಾಗೇ ಉಳಿಯುತ್ತದೆ. ಆಗ ಎಸರು ಕುದಿಯುವಾಗ ತಳದಿಂದ ಗುಳ್ಳೆ ಏಳುವಂತೆ ತೆಳು ಗುಳ್ಳೆಗಳು ಮೇಲೇಳುತ್ತವೆ. ಅವು ನೂರಾರು ಕಿಲೋಮೀಟರ್ ಉದ್ದ ಇರಬಹುದು. ರಾತ್ರಿ ಅವು ಮೂಡಣಕ್ಕೆ ತೇಲುತ್ತವೆ. ಅವುಗಳ ಮೂಲಕ ಬಂದ ಉಪಗ್ರಹದ ಸಿಗ್ನಲ್ ನಕ್ಷತ್ರ ಮಿನುಗುವಂತೆ ಮಿನುಗುತ್ತದೆ. ಮಿನುಗಿದಾಗ ರಿಸೀವರ್ ಹಿಡಿತ ತಪ್ಪುತ್ತದೆ. ಬೇಸ್ ಮತ್ತು ಡ್ರೋನ್ ಹತ್ತಿರ ಹತ್ತಿರ ಇರುವುದರಿಂದ ಅಯಾನುಗೋಳದ ನಿಧಾನದ ತಪ್ಪನ್ನೆಲ್ಲ ಆರ್‌ಟಿಕೆ ಕಳೆದುಹಾಕುತ್ತದೆ. ಹಿಡಿತವೇ ತಪ್ಪಿದರೆ ಕಳೆಯಲು ಏನೂ ಉಳಿದಿರುವುದಿಲ್ಲ.

ಇದು ನಮ್ಮ ಅಕ್ಷಾಂಶದವರಿಗೆ ಜಾಸ್ತಿ ಕಾಡುವ ತೊಂದರೆ. ಭೂಮಿಯ ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. 1963ರಲ್ಲಿ ತಿರುವನಂತಪುರದ ಪಕ್ಕದ ತುಂಬಾದಿಂದ ನಮ್ಮ ನೆಲದ ಮೊದಲ ರಾಕೆಟ್ ಹಾರಿದ್ದಕ್ಕೂ ಕಾರಣ ಅದೇ ರೇಖೆ. ಮೇಲಿನ ವಾತಾವರಣವನ್ನು ಓದಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆ ರೇಖೆಗೆ ಹತ್ತಿರದ ಕರ್ನಾಟಕದಲ್ಲಿ ಈ ಗುಳ್ಳೆಗಳ ಕಾಟ ಸುಮಾರು ಏಳೂವರೆ ಎಂಟಕ್ಕೆ ಶುರುವಾಗಿ ನಡುರಾತ್ರಿಯವರೆಗೂ ಇರಬಹುದು. ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜೋರು. ಸೂರ್ಯನ 11 ವರ್ಷದ ಚಕ್ರ ತುದಿಯಲ್ಲಿದ್ದಾಗ ಇನ್ನೂ ಜೋರು. ಆ ತುದಿಯ ಕಾಲಕ್ಕೆ ತಲುಪಿದ್ದೇವೆ ಅಂತ ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಈಗ ನಮ್ಮ ಕ್ಯಾಲೆಂಡರ್ ನೋಡಿ: ನವರಾತ್ರಿ, ಊರ ಹಬ್ಬ, ಯುಗಾದಿ. ಡ್ರೋನ್ ಶೋ ಇಡುವ ತಿಂಗಳೂ ಅದೇ, ಇಡುವ ಹೊತ್ತೂ ಅದೇ. ಐದೂವರೆಯ ರಿಹರ್ಸಲ್‌ನಲ್ಲಿ ಇದು ಸಿಗುವುದೇ ಇಲ್ಲ.

ಪರಿಹಾರವಾಗಿ ಮೊದಲು ಹೊತ್ತು ಬದಲಿಸಿದೆವು. ಅಕ್ಟೋಬರ್ ನಡುವಿನಲ್ಲಿ ನಮ್ಮ ಕಡೆ ಸೂರ್ಯ ಆರು ಗಂಟೆ ದಾಟುತ್ತಲೇ ಮುಳುಗುತ್ತಾನೆ. ಆರು ಮುಕ್ಕಾಲಿಗೆ ಬೆಳಕಿನ ಚುಕ್ಕಿ ಕಾಣುವಷ್ಟು ಕತ್ತಲಾಗಿರುತ್ತದೆ. ಏಳು ಗಂಟೆಯೊಳಗೆ ಮುಗಿಯುವ ಹಾಗೆ ಇಡಿ. ಭಾಷಣ ಮುಗಿದ ಮೇಲೆ ಡ್ರೋನ್ ಅಂತ ಆಯೋಜಕರು ಹೇಳಿದರೆ, ಡ್ರೋನ್ ಮೊದಲು ಆಗಲಿ ಅಂತ ಕೇಳಿಕೊಳ್ಳಿ. ಲಾಗ್‌ನ ಆ ಗೆರೆ ತೋರಿಸಿದರೆ ಒಪ್ಪುತ್ತಾರೆ. ಜೊತೆಗೆ ರಿಸೀವರ್‌ನಲ್ಲಿ ಯುರೋಪಿನ ಗೆಲಿಲಿಯೊ, ಚೀನಾದ ಬೈಡೂ ಉಪಗ್ರಹ ಜಾಲ ಎಲ್ಲ ಆನ್ ಮಾಡಿ, ಎರಡು ಆವರ್ತನ ಹಿಡಿಯುವ ಮಾಡ್ಯೂಲ್ ಬಳಸಿ. ಉಪಗ್ರಹ ಜಾಸ್ತಿ ಇದ್ದಷ್ಟೂ ಕೆಲವು ಬಿದ್ದರೂ ಲೆಕ್ಕ ನಿಲ್ಲುತ್ತದೆ. ನಮ್ಮ 49ರಲ್ಲಿ ಫ್ಲೋಟ್‌ಗೆ ಬಿದ್ದ ಬಹುಪಾಲು ಡ್ರೋನ್‌ಗಳ ಆಂಟೆನಾ ಕೆಳಗಿನ ಲೋಹದ ತಟ್ಟೆ ಚಿಕ್ಕದಿತ್ತು. ಅವು ಸದಾ ಎರಡು ಮೂರು ಉಪಗ್ರಹ ಕಡಿಮೆಯೇ ಹಿಡಿಯುತ್ತಿದ್ದವು. ಸಂಜೆ ಅದು ಗೊತ್ತಾಗುತ್ತಿರಲಿಲ್ಲ.

ಬಣ್ಣ ಯಾಕೆ ತಡವಾಯಿತು

ಇದು ಪೂರ್ತಿ ಬೇರೆ ದೋಷ. ವೈಫೈಯದ್ದೇ. ಎರಡೂ ಒಂದೇ ರಾತ್ರಿ ಬಂದಿದ್ದಕ್ಕೆ ಕಾರಣ ಜನ ಬಂದಿದ್ದೂ ಕತ್ತಲಾಗಿದ್ದೂ ಒಟ್ಟಿಗೆ, ಅಷ್ಟೇ.

ನಮ್ಮ ವೈಫೈ ಡಬ್ಬಿ ಎದೆಯೆತ್ತರದ ಸ್ಟ್ಯಾಂಡಿನ ಮೇಲಿತ್ತು. ಖಾಲಿ ಮೈದಾನದಲ್ಲಿ ಅದು ಸಾಕಾಗಿತ್ತು. ಜನ ಎದ್ದು ನಿಂತಾಗ ಸಾಲು ಸಾಲು ಮೈಗಳು ಅಡ್ಡ ಬಂದವು. ಮನುಷ್ಯನ ಮೈ ಬಹುಪಾಲು ನೀರು, 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ನೀರು ಚೆನ್ನಾಗಿ ಹೀರುತ್ತದೆ. ಅದರ ಮೇಲೆ ನೂರಾರು ಫೋನುಗಳು ಅದೇ ಪಟ್ಟಿಯಲ್ಲಿ ಗೊತ್ತಿರುವ ವೈಫೈ ಹುಡುಕುತ್ತಾ ಕೂಗುತ್ತಿರುತ್ತವೆ. ಡಬ್ಬಿಯನ್ನು ಹದಿನೈದು ಅಡಿ ಕಂಬಕ್ಕೆ ಏರಿಸಿದೆವು, 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಿಸಿದೆವು.

ಅದಕ್ಕಿಂತ ದೊಡ್ಡ ತಪ್ಪು ನಾವು ಕಳಿಸುತ್ತಿದ್ದ ರೀತಿಯಲ್ಲಿತ್ತು. ಚಾಪೆ ತುಳಿದರೆ ಆ ಡ್ರೋನಿಗೆ ಮಾತ್ರ ಒಂದು ಸಂದೇಶ ಹೋಗುತ್ತಿತ್ತು. ಸಿಗದಿದ್ದರೆ ಮತ್ತೆ, ಮತ್ತೆ. ಗದ್ದಲ ಜಾಸ್ತಿ ಆದಾಗ ಹಳೆಯ ಸಂದೇಶಗಳು ಸಾಲುಗಟ್ಟಿದವು. ಹುಡುಗಿಯ ಮೊದಲ ಹೆಜ್ಜೆಯ ಬಣ್ಣ ಎರಡನೇ ಹೆಜ್ಜೆಯ ಮೇಲೆ ಬಂತು. ಈಗ ಹಾಗೆ ಮಾಡುವುದಿಲ್ಲ. 49 ಡ್ರೋನಿನ ಬಣ್ಣವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟುತ್ತೇವೆ. ಡ್ರೋನಿಗೆ ಮೂರು ಬೈಟ್, ಒಟ್ಟು 147 ಬೈಟ್. ಅದನ್ನು ಎಲ್ಲರಿಗೂ ಕೇಳುವ ಹಾಗೆ ಸೆಕೆಂಡಿಗೆ ಹತ್ತು ಸಲ ಕೂಗುತ್ತೇವೆ. ಒಂದು ಕೂಗು ಕಳೆದುಹೋದರೆ ಹೋಗಲಿ, ಸೆಕೆಂಡಿನ ಹತ್ತನೇ ಒಂದು ಭಾಗಕ್ಕೆ ಇನ್ನೊಂದು ಬರುತ್ತದೆ. ಹಳೆಯದನ್ನು ಮತ್ತೆ ಕಳಿಸುವ ಪ್ರಶ್ನೆಯೇ ಇಲ್ಲ.

ಮಕ್ಕಳ ಹೆಜ್ಜೆ ಬಣ್ಣವನ್ನು ಮಾತ್ರ ಬದಲಿಸಬೇಕು, ಡ್ರೋನಿನ ಜಾಗವನ್ನು ಎಂದೂ ಬದಲಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಹಾರುವ ದಾರಿ ಪೂರ್ತಿ ಡ್ರೋನಿನ ಒಳಗೇ ಇರುತ್ತದೆ, ವೈಫೈ ಸತ್ತರೂ ಅದು ಹಾರಿ ಇಳಿಯುತ್ತದೆ. ಜನರೊಂದಿಗೆ ಆಡುವ ಕೆಲಸ ಮಾಡುವವರು ಈ ಗೆರೆ ದಾಟಬೇಡಿ.

ಚಿತ್ರವೂ ಪರಿಹಾರದ ಭಾಗ

ಚುಕ್ಕಿ ರಂಗೋಲಿಯಷ್ಟು ಕಟ್ಟುನಿಟ್ಟಿನ ಚಿತ್ರ ಬೇರೆ ಇಲ್ಲ. ಒಂದು ಚುಕ್ಕಿ ತಪ್ಪಿದರೆ ಎಳೆ ಕೂಡುವುದಿಲ್ಲ. ಅರ್ಧ ಮೀಟರಿನ ತಪ್ಪು ಕೊನೆಯ ಸಾಲಿನವರಿಗೂ ಕಾಣುತ್ತದೆ. ಆದರೆ ಆಮ್‌ಸ್ಟರ್‌ಡ್ಯಾಮಿನ ಸ್ಟುಡಿಯೋ ಡ್ರಿಫ್ಟ್ ಕಲಾವಿದರು 2017ರಲ್ಲಿ ಮಯಾಮಿ ಕಡಲ ತೀರದಲ್ಲಿ 300 ಡ್ರೋನುಗಳನ್ನು ಹಕ್ಕಿ ಹಿಂಡಿನಂತೆ ಹಾರಿಸಿದ್ದರು. ನಮ್ಮ ಬಯಲು ಸೀಮೆಯಲ್ಲಿ ಚಳಿಗಾಲದ ಸಂಜೆ ಕಬ್ಬಕ್ಕಿಗಳ ಹಿಂಡು ಹೊರಳುವುದನ್ನು ನೋಡಿದ್ದೀರಲ್ವಾ, ಹಾಗೆ. ಹಿಂಡಿನಲ್ಲಿ ನೇರ ಗೆರೆ ಇಲ್ಲ. ಒಂದು ಹಕ್ಕಿ ಒಂದು ಮೀಟರ್ ಆಚೆ ಹೋದರೆ ಯಾರಿಗೂ ತಪ್ಪು ಅನಿಸುವುದಿಲ್ಲ.

ಅದಕ್ಕೇ ಈಗ ಎರಡು ಫೈಲ್ ಇಟ್ಟುಕೊಂಡಿರುತ್ತೇವೆ. ಒಂದು ರಂಗೋಲಿ, ಮೂರು ಮೀಟರ್ ಅಂತರ. ಇನ್ನೊಂದು ಹಕ್ಕಿ ಹಿಂಡು, ಆರು ಮೀಟರ್ ಅಂತರ, ಫ್ಲೋಟ್ ಆದರೂ ಡಿಕ್ಕಿಯ ಭಯವಿಲ್ಲ. ಎರಡರಲ್ಲೂ ಮಕ್ಕಳ ಚಾಪೆ ಕೆಲಸ ಮಾಡುತ್ತದೆ. ಶೋಗೆ ಎರಡು ರಾತ್ರಿ ಮೊದಲು, ಅದೇ ಮೈದಾನದಲ್ಲಿ, ಶೋ ಹೊತ್ತಿಗೇ, ಫ್ಯಾನು ಬಿಚ್ಚಿಟ್ಟು 49 ಡ್ರೋನನ್ನೂ ನೆಲದ ಮೇಲೆ ಒಂದು ಗಂಟೆ ಆನ್ ಮಾಡಿಡುತ್ತೇವೆ. ಹಾರಿಸುವ ಕೆಲಸವೇ ಇಲ್ಲ, ಲಾಗ್ ಸಾಕು. ಆ ಗಂಟೆಯಲ್ಲಿ ಯಾವ ಡ್ರೋನ್ ಎಷ್ಟು ಸಲ 6ರಿಂದ 5ಕ್ಕೆ ಬಿತ್ತು ಅಂತ ಬರೆದಿಟ್ಟುಕೊಂಡು, ಹೆಚ್ಚು ಬಿದ್ದವನ್ನು ಚಿತ್ರದ ಅಂಚಿಗೆ ಹಾಕುತ್ತೇವೆ. ಶೋ ದಿನ ಏರುವ ಮೊದಲು ಐದು ನಿಮಿಷ ಒಂದೇ ಸಮನೆ 49ಕ್ಕೆ 49 ಫಿಕ್ಸ್ ಇದ್ದರೆ ರಂಗೋಲಿ. ಒಂದು ಸಲ 5 ಕಂಡರೂ ಹಕ್ಕಿ ಹಿಂಡು. ಮೂರಕ್ಕಿಂತ ಜಾಸ್ತಿ ಡ್ರೋನ್ ಫ್ಲೋಟ್‌ನಲ್ಲೇ ಕೂತಿದ್ದರೆ ಹತ್ತು ನಿಮಿಷ ಕಾಯುತ್ತೇವೆ, ಆಗಲೂ ಏಳದಿದ್ದರೆ ಆ ರಾತ್ರಿ ಹಾರಿಸುವುದಿಲ್ಲ.